ಯುರೇನಿಯಂಗೆ ತಪಾಸಣೆ ಉಂಟು, ಜೈಲಿನ ಕೋಣೆಗೆ ಯಾಕಿಲ್ಲ?

2025ರ ಜೂನ್ 13ರಿಂದ ಹನ್ನೆರಡು ದಿನ ಮಂಚೇನಹಳ್ಳಿ, ಗೌರಿಬಿದನೂರು ಸೀಮೆಯ ಜನರಿಗೆ ಇರಾನ್ ದೂರದ ದೇಶ ಅನ್ನಿಸಲಿಲ್ಲ. ಈ ಭಾಗದ ಅಲೀಪುರ ಹರಳು ಪಾಲಿಶ್ ಮಾಡುವವರ ಊರು. ಹೆಚ್ಚಿನವರು ಶಿಯಾ ಪಂಗಡದವರು. ಮುಂದೆ ಇರಾನಿನ ಸರ್ವೋಚ್ಚ ನಾಯಕರಾದ ಅಲಿ ಖಾಮೆನೇಯಿ 80ರ ದಶಕದಲ್ಲಿ ಈ ಊರಿಗೆ ಬಂದಿದ್ದರು ಎಂದು ಹಿರಿಯರು ಇವತ್ತಿಗೂ ಹೇಳುತ್ತಾರೆ. ಊರಿನ ಮಕ್ಕಳು ವೈದ್ಯಕೀಯ ಓದಲಿಕ್ಕೆ, ಧಾರ್ಮಿಕ ಶಿಕ್ಷಣಕ್ಕೆ ಇರಾನಿಗೆ ಹೋಗುವುದು ಹೊಸತಲ್ಲ. ಇಸ್ರೇಲಿನ ಬಾಂಬು ಬೀಳಲು ಶುರುವಾದಾಗ ಅಲ್ಲಿದ್ದ ಮಕ್ಕಳ ಫೋನ್ ಸಿಗದೆ ಮನೆಯವರು ಕಂಗಾಲಾದರು. ಕೇಂದ್ರ ಸರಕಾರ 'ಆಪರೇಷನ್ ಸಿಂಧು' ಹೆಸರಿನಲ್ಲಿ ಆರ್ಮೇನಿಯಾದ ಮೂಲಕವೂ, ಆಮೇಲೆ ಮಶಹದ್‌ನಿಂದಲೂ ಭಾರತೀಯರನ್ನು ಕರೆತಂದಾಗ ಅಲೀಪುರದವರ ಜೀವ ಬಂತು.

ಕರಾವಳಿಯ ನಮ್ಮ ಓದುಗರಿಗೂ ಇದು ಸಂಬಂಧವಿಲ್ಲದ ಸುದ್ದಿಯಲ್ಲ. ನಮ್ಮ ಮನೆಗಳ ಅರ್ಧ ಸಂಸಾರ ಗಲ್ಫಿನಲ್ಲಿದೆ. ಮಂಗಳೂರಿನ ಎಂಆರ್‌ಪಿಎಲ್ ಒಂದು ಕಾಲದಲ್ಲಿ ಇರಾನಿನ ಕಚ್ಚಾ ತೈಲವನ್ನು ಅತಿ ಹೆಚ್ಚು ತರಿಸುತ್ತಿದ್ದ ಭಾರತೀಯ ಕಂಪನಿಗಳಲ್ಲಿ ಒಂದು. 2019ರ ಮೇ ತಿಂಗಳಲ್ಲಿ ಅಮೆರಿಕ ಕೊಟ್ಟಿದ್ದ ವಿನಾಯಿತಿ ಮುಗಿದ ಮೇಲೆ ಭಾರತ ಆ ತೈಲವನ್ನು ಕೊಳ್ಳುವುದನ್ನೇ ಬಿಟ್ಟಿತು. ಇರಾನಿನ ಮೇಲೆ ಒತ್ತಡ ಬಿದ್ದರೆ ಅದರ ಬಿಸಿ ಪಣಂಬೂರಿನ ವರೆಗೂ ತಟ್ಟುತ್ತದೆ.

ಆ ಹನ್ನೆರಡು ದಿನಗಳ ಯುದ್ಧದಲ್ಲಿ ಎಲ್ಲರ ಬಾಯಲ್ಲಿದ್ದ ಹೆಸರುಗಳು ನತಾಂಜ್, ಫೋರ್ದೊ, ಇಸ್ಫಹಾನ್. ಅವು ಅಣು ಘಟಕಗಳಿರುವ ಜಾಗಗಳು. ಜೂನ್ 22ರಂದು ಅಮೆರಿಕ ಈ ಮೂರರ ಮೇಲೂ ಬಾಂಬು ಹಾಕಿತು. ಮಾರನೇ ದಿನ, ಜೂನ್ 23ರಂದು, ಇಸ್ರೇಲ್ ಟೆಹರಾನಿನ ಇವೀನ್ ಜೈಲಿನ ಮೇಲೆ ಬಾಂಬು ಹಾಕಿತು. ಕನಿಷ್ಠ 71 ಮಂದಿ ಸತ್ತರು ಎಂದು ಇರಾನಿನ ನ್ಯಾಯಾಂಗ ಇಲಾಖೆ ಮೊದಲು ಹೇಳಿತು. ಸತ್ತವರಲ್ಲಿ ಜೈಲಿನ ಸಿಬ್ಬಂದಿ ಇದ್ದರು, ಕೈದಿಗಳಿದ್ದರು, ಕೈದಿಗಳನ್ನು ನೋಡಲು ಬಂದಿದ್ದ ಮನೆಯವರೂ ಇದ್ದರು. ದಬ್ಬಾಳಿಕೆಯ ಸಂಕೇತಕ್ಕೆ ಹೊಡೆದಿದ್ದೇವೆ ಎಂಬುದು ಹೊಡೆದವರ ವಾದ. ದಬ್ಬಾಳಿಕೆಗೆ ಸಿಕ್ಕಿ ಒಳಗಿದ್ದವರೂ ಅವರಿಗಾಗಿ ಹೊರಗೆ ಕಾದಿದ್ದವರೂ ಅದರಲ್ಲೇ ಸತ್ತರು.

ಜೂನ್ 23 ಎಂಬ ತಾರೀಕು ಇವೀನ್ ಜೈಲಿಗೆ ಹೊಸದಲ್ಲ. ಸರಿಯಾಗಿ 22 ವರ್ಷ ಹಿಂದೆ, 2003ರ ಜೂನ್ 23ರಂದು, ಇದೇ ಜೈಲಿನ ಗೇಟಿನ ಹೊರಗೆ ಒಬ್ಬ ಪತ್ರಕರ್ತೆಯನ್ನು ಹಿಡಿದು ಒಳಗೆ ಹಾಕಿದ್ದರು. ಆಕೆ ಜೀವಂತವಾಗಿ ಮನೆಗೆ ಮರಳಲಿಲ್ಲ. ಆಗಲೂ ಜಗತ್ತು ಮಾತಾಡುತ್ತಿದ್ದದ್ದು ನತಾಂಜ್ ಬಗ್ಗೆಯೇ. ಈ ಎರಡು ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಇವತ್ತಿನ ಸುದ್ದಿಯೂ ಬೇರೆ ರೀತಿ ಕಾಣುತ್ತದೆ.

ಝಹ್ರಾ ಕಾಝೆಮಿ ಪ್ರಕರಣ

ಝಹ್ರಾ ಕಾಝೆಮಿ ಹುಟ್ಟಿದ್ದು ಇರಾನಿನ ಶಿರಾಜ್‌ನಲ್ಲಿ. ಫ್ರಾನ್ಸಿನಲ್ಲಿ ಓದಿ, ಕೆನಡಾದ ಮಾಂಟ್ರಿಯಲ್‌ನಲ್ಲಿ ನೆಲೆಸಿ, ಎರಡೂ ದೇಶಗಳ ಪೌರತ್ವ ಇಟ್ಟುಕೊಂಡಿದ್ದ ಛಾಯಾಚಿತ್ರ ಪತ್ರಕರ್ತೆ. ಫೆಲೆಸ್ತೀನ್, ಇರಾಕ್, ಅಫ್ಘಾನಿಸ್ತಾನದ ಬಡವರ, ನಿರಾಶ್ರಿತರ ಬದುಕನ್ನು ಕ್ಯಾಮೆರಾದಲ್ಲಿ ಹಿಡಿದವರು. 2003ರಲ್ಲಿ ಟೆಹರಾನಿನಲ್ಲಿ ವಿದ್ಯಾರ್ಥಿಗಳ ಪ್ರತಿಭಟನೆ ಜೋರಾಗಿತ್ತು, ಬಹಳ ಮಂದಿಯನ್ನು ಒಳಗೆ ಹಾಕಿದ್ದರು. ಅವರ ಅಪ್ಪ ಅಮ್ಮಂದಿರು ಇವೀನ್ ಜೈಲಿನ ಮುಂದೆ ಸೇರಿದ್ದರು. ಆ ಅಪ್ಪ ಅಮ್ಮಂದಿರ ಫೋಟೋ ತೆಗೆದದ್ದೇ ಆಕೆ ಮಾಡಿದ 'ಅಪರಾಧ'. ಸರಕಾರವೇ ಕೊಟ್ಟ ಪ್ರೆಸ್ ಕಾರ್ಡ್ ಆಕೆಯ ಕೈಯಲ್ಲಿತ್ತು.

ಕೆಲವೇ ದಿನಗಳಲ್ಲಿ ಪ್ರಜ್ಞೆ ಇಲ್ಲದ ಸ್ಥಿತಿಯಲ್ಲಿ ಆಕೆಯನ್ನು ಸೇನೆಗೆ ಸೇರಿದ ಆಸ್ಪತ್ರೆಗೆ ತಂದರು. ಜುಲೈ 11ರಂದು ಸಾವು ಘೋಷಣೆಯಾಯಿತು. ಪಾರ್ಶ್ವವಾಯು ಬಡಿದು ಸತ್ತರು ಎಂದು ಅಧಿಕಾರಿಗಳು ಮೊದಲು ಹೇಳಿದರು. ಐದು ದಿನ ಆಗುವಷ್ಟರಲ್ಲಿ ಉಪಾಧ್ಯಕ್ಷ ಮೊಹಮ್ಮದ್ ಅಲಿ ಅಬ್ತಹಿ ಅದನ್ನು ತಿದ್ದಿದರು: ಏಟಿನಿಂದ ಮಿದುಳಿನಲ್ಲಿ ರಕ್ತಸ್ರಾವವಾಗಿ ಸತ್ತರು ಎಂದರು. ಮರುವರ್ಷ ನ್ಯಾಯಾಂಗದ ಕಡೆಯಿಂದ ಮೂರನೇ ಕಥೆ ಬಂತು: ಉಪವಾಸ ಮಾಡಿ ರಕ್ತದೊತ್ತಡ ಇಳಿದು, ನಿಂತಲ್ಲಿಂದ ಬಿದ್ದು, ತಲೆಗೆ ಪೆಟ್ಟಾಯಿತಂತೆ. ಒಂದು ಸಾವಿಗೆ ಒಂದೇ ಸರಕಾರದ ಮೂರು ವಿವರಣೆ.

ಮೃತದೇಹವನ್ನು ಕೆನಡಾಕ್ಕೆ ಕಳಿಸಿ, ಅಲ್ಲಿ ಮರಣೋತ್ತರ ಪರೀಕ್ಷೆ ಆಗಲಿ ಎಂದು ಆಕೆಯ ಮಗ ಕೇಳಿಕೊಂಡಿದ್ದ. ಕೇಳಿದ್ದು ನಡೆಯಲಿಲ್ಲ. ಜುಲೈ ತಿಂಗಳಲ್ಲೇ ಶಿರಾಜ್‌ನಲ್ಲಿ ದಫನ ಆಗಿಹೋಯಿತು. ಕೆನಡಾ ತನ್ನ ರಾಯಭಾರಿಯನ್ನು ವಾಪಸ್ ಕರೆಸಿಕೊಂಡಿತು. ಗುಪ್ತಚರ ಇಲಾಖೆಯ ಒಬ್ಬನ ಮೇಲೆ ಕೇಸು ನಡೆದು 2004ರ ಜುಲೈ 24ರಂದು ಆತ ಖುಲಾಸೆಯಾದ. 2005ರಲ್ಲಿ, ಆಕೆಯನ್ನು ಆಸ್ಪತ್ರೆಯಲ್ಲಿ ಪರೀಕ್ಷಿಸಿದ್ದೆ ಎಂದ ಮಾಜಿ ಸೇನಾ ವೈದ್ಯ ಶಹ್ರಾಮ್ ಆಝಮ್ ಕೆನಡಾ ಸೇರಿ ಬಾಯಿಬಿಟ್ಟರು. ತಲೆಬುರುಡೆ ಒಡೆದಿತ್ತು, ಬೆರಳು ಮುರಿದಿತ್ತು, ಅತ್ಯಾಚಾರದ ಗುರುತುಗಳೂ ಇದ್ದವು ಎಂಬುದು ಅವರ ಹೇಳಿಕೆ. ಇರಾನ್ ಅದನ್ನು ತಳ್ಳಿಹಾಕಿತು. ಈ ಸಾವಿಗೆ ಇವತ್ತಿನ ವರೆಗೆ ಒಬ್ಬರಿಗೂ ಶಿಕ್ಷೆ ಆಗಿಲ್ಲ.

ಅದೇ ವರ್ಷ, ಇನ್ನೊಂದು ಕಡತ

ಈಗ ಇನ್ನೊಂದು ಕಡತ ತೆರೆಯೋಣ. ನತಾಂಜ್ ಮತ್ತು ಅರಾಕ್‌ನಲ್ಲಿ ಗುಟ್ಟಾಗಿ ಅಣು ಘಟಕಗಳು ಏಳುತ್ತಿವೆ ಎಂಬ ಸಂಗತಿ 2002ರ ಆಗಸ್ಟ್‌ನಲ್ಲಿ ಹೊರಬಿತ್ತು. 2003ರ ಫೆಬ್ರವರಿಯಲ್ಲಿ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮುಖ್ಯಸ್ಥರಾಗಿದ್ದ ಮೊಹಮ್ಮದ್ ಎಲ್‌ಬರಾದಿ ಖುದ್ದು ನತಾಂಜ್‌ಗೆ ಹೋದರು. ಇರಾನ್ ಕೆಲವು ವಿಷಯ ವರದಿ ಮಾಡದೆ ಉಳಿಸಿಕೊಂಡಿದೆ ಎಂದು ಜೂನ್‌ನಲ್ಲಿ ವರದಿ ಬಂತು. ಜೂನ್ 19ರಂದು ಸಂಸ್ಥೆಯ ಆಡಳಿತ ಮಂಡಳಿ ಇರಾನನ್ನು ತರಾಟೆಗೆ ತೆಗೆದುಕೊಂಡಿತು. ಇದಾಗಿ ನಾಲ್ಕೇ ದಿನಕ್ಕೆ ಕಾಝೆಮಿಯ ಬಂಧನ.

ಆಮೇಲೆ ಎರಡು ಕಡತಗಳು ಹೇಗೆ ಸಾಗಿದವು ನೋಡಿ. ಸೆಪ್ಟೆಂಬರ್ 12ರಂದು ಅಣುಶಕ್ತಿ ಸಂಸ್ಥೆ ಇರಾನಿಗೆ ಗಡುವು ಕೊಟ್ಟಿತು: ಅಕ್ಟೋಬರ್ 31ರೊಳಗೆ ಎಲ್ಲ ವಿವರ ಕೊಡಬೇಕು. ಅಕ್ಟೋಬರ್ 21ರಂದು ಬ್ರಿಟನ್, ಫ್ರಾನ್ಸ್, ಜರ್ಮನಿಯ ವಿದೇಶ ಸಚಿವರು ಮೂವರೂ ಒಟ್ಟಿಗೆ ಟೆಹರಾನಿಗೆ ಬಂದರು. ಯುರೇನಿಯಂ ಸಂವರ್ಧನೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಲು ಇರಾನ್ ಒಪ್ಪಿತು, ಕ್ಯಾಮೆರಾ ಮುಂದೆ ಕೈಕುಲುಕಿ ಆಯಿತು. ಡಿಸೆಂಬರ್ 18ರಂದು ಹೆಚ್ಚುವರಿ ಪ್ರೋಟೋಕಾಲ್‌ಗೆ ಸಹಿಯೂ ಬಿತ್ತು. ಆರು ತಿಂಗಳಲ್ಲಿ ಇಷ್ಟೆಲ್ಲ ಕೆಲಸ ನಡೆಯಿತು.

ಕಾಝೆಮಿ ಕಡತಕ್ಕೆ ಗಡುವು ಇರಲಿಲ್ಲ, ಮೂವರು ಸಚಿವರ ವಿಮಾನವೂ ಬರಲಿಲ್ಲ. ಕೆನಡಾ ಮುಂದಾಗಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಇರಾನಿನ ಮಾನವ ಹಕ್ಕುಗಳ ಬಗ್ಗೆ ಖಂಡನಾ ನಿರ್ಣಯ ಪಾಸು ಮಾಡಿಸಿತು. ನಿರ್ಣಯ ಕಾಗದದಲ್ಲೇ ಉಳಿಯಿತು. ಜೈಲಿನೊಳಗೆ ಹೋಗಿ ನೋಡುವ ಒಬ್ಬ ಹೊರಗಿನ ಇನ್‌ಸ್ಪೆಕ್ಟರೂ ಅದರಿಂದ ಸಿಗಲಿಲ್ಲ.

ತಪಾಸಣೆ ಅಂದರೆ ಏನು?

ಇಲ್ಲಿ ಸ್ವಲ್ಪ ನಿಂತು, ಅಣು ತಪಾಸಣೆ ಹೇಗೆ ನಡೆಯುತ್ತದೆ ಎಂದು ತಿಳಿದುಕೊಳ್ಳುವುದು ಒಳ್ಳೆಯದು. ಅಂಗಡಿಯ ಸ್ಟಾಕ್ ಲೆಕ್ಕದ ಹಾಗೆ ಅಂದುಕೊಳ್ಳಿ. ದೇಶದಲ್ಲಿ ಎಷ್ಟು ಯುರೇನಿಯಂ ಉಂಟು, ಎಲ್ಲಿ ಉಂಟು, ಎಷ್ಟು ಬಳಕೆಯಾಯಿತು ಎಂದು ಲೆಕ್ಕ ಬರೆದಿಡಬೇಕು. ಅಣುಶಕ್ತಿ ಸಂಸ್ಥೆಯವರು ಬಂದು ಆ ಲೆಕ್ಕವನ್ನು ತಾಳೆ ನೋಡುತ್ತಾರೆ. ಉಗ್ರಾಣಕ್ಕೆ ಮೊಹರು ಹಾಕುತ್ತಾರೆ, ಕ್ಯಾಮೆರಾ ಇಡುತ್ತಾರೆ, ಗೋಡೆ ನೆಲ ಒರೆಸಿ ತೆಗೆದ ಧೂಳನ್ನು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಗುಟ್ಟಾಗಿ ಏನಾದರೂ ಮಾಡಿದ್ದರೆ ಆ ಧೂಳಿನ ಕಣವೇ ಹೇಳಿಬಿಡುತ್ತದೆ. ಹೆಚ್ಚುವರಿ ಪ್ರೋಟೋಕಾಲ್ ಒಪ್ಪಿದ ದೇಶದಲ್ಲಿ, ಆ ದೇಶ ಹೇಳದೇ ಇದ್ದ ಜಾಗಕ್ಕೂ ಅಲ್ಪಾವಧಿಯ ನೋಟಿಸ್ ಕೊಟ್ಟು ಹೋಗಿ ನೋಡಬಹುದು.

ನಮ್ಮ ಗೌರಿಬಿದನೂರಿನಲ್ಲೇ ಇಂಥ ಕೆಲಸದ ಒಂದು ಕೇಂದ್ರ ಉಂಟು. ಎಷ್ಟೋ ಮಂದಿ ಅದರ ಪಕ್ಕದಲ್ಲೇ ಬಸ್ಸಿನಲ್ಲಿ ಓಡಾಡಿದರೂ ಗೊತ್ತಿರಲಿಕ್ಕಿಲ್ಲ. ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪ ಮಾಪನ ಜಾಲ ಅದು. ಬ್ರಿಟನ್ನಿನ ನೆರವಿನೊಂದಿಗೆ 1965ರಲ್ಲಿ ಶುರುವಾದದ್ದು. ಹೊಲಗಳ ನಡುವೆ 'ಎಲ್' ಆಕಾರದಲ್ಲಿ ಇಪ್ಪತ್ತು ಮಾಪಕಗಳನ್ನು ಹೂಳಿದ್ದಾರೆ. ಭೂಮಿಯ ಯಾವುದೋ ಮೂಲೆಯಲ್ಲಿ ನೆಲದಡಿ ಅಣುಬಾಂಬು ಸಿಡಿಸಿದರೂ ಅದರ ಅದುರು ಇಲ್ಲಿಗೆ ತಲುಪುತ್ತದೆ. 1998ರ ಮೇ 28ರಂದು ಪಾಕಿಸ್ತಾನ ಮಾಡಿದ ಪರೀಕ್ಷೆಯೂ ಇಲ್ಲಿ ದಾಖಲಾಗಿದೆ. ಮನುಷ್ಯ ಮನಸ್ಸು ಮಾಡಿದರೆ ಸಾವಿರಾರು ಕಿಲೋಮೀಟರ್ ಆಚೆಯ ಸ್ಫೋಟವನ್ನು ಗೌರಿಬಿದನೂರಿನ ರಾಗಿ ಹೊಲದಲ್ಲಿ ಕೂತು ಪತ್ತೆ ಮಾಡಬಲ್ಲ. ಒಂದು ಜೈಲಿನೊಳಗೆ ಒಬ್ಬ ಹೆಂಗಸಿಗೆ ಏಟು ಬಿದ್ದದ್ದನ್ನು ಮಾತ್ರ ಪತ್ತೆ ಮಾಡಲಾಗಲಿಲ್ಲ ಅಂದರೆ ಅದಕ್ಕೆ ಯಂತ್ರದ ಕೊರತೆ ಕಾರಣವಲ್ಲ.

ಜೈಲಿಗೂ ಇಂಥದೇ ತಪಾಸಣೆ ಬೇಕು ಎಂದು ಯಾರಿಗೂ ಹೊಳೆದಿಲ್ಲವೇ? ಹೊಳೆದಿದೆ. ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಗೆ 2002ರ ಡಿಸೆಂಬರ್ 18ರಂದು ಒಂದು ಐಚ್ಛಿಕ ಪ್ರೋಟೋಕಾಲ್ ಸೇರಿಸಿದರು. ಕಾಝೆಮಿ ಸಾಯುವುದಕ್ಕೆ ಆರೇಳು ತಿಂಗಳ ಹಿಂದೆ. ಅದಕ್ಕೆ ಸೇರಿದ ದೇಶ ತನ್ನ ಜೈಲು, ಲಾಕಪ್‌ಗಳಿಗೆ ಸ್ವತಂತ್ರ ತಪಾಸಕರನ್ನು ಬಿಡಬೇಕು. ಅವರು ಕೈದಿಗಳ ಜೊತೆ ಪೊಲೀಸರಿಲ್ಲದೆ ಖಾಸಗಿಯಾಗಿ ಮಾತಾಡಬಹುದು. ಅಣು ಘಟಕಕ್ಕೆ ಹೆಚ್ಚುವರಿ ಪ್ರೋಟೋಕಾಲ್ ಹೇಗೋ ಜೈಲಿಗೆ ಇದು ಹಾಗೆ. 2006ರಿಂದ ಜಾರಿಯಲ್ಲಿದೆ.

ಅದಕ್ಕೆ ಸೇರದವರು ಯಾರು ಯಾರು ಗೊತ್ತುಂಟಾ? ಇರಾನ್ ಸೇರಿಲ್ಲ. ಮೂಲ ಒಡಂಬಡಿಕೆಗೆ ಸೇರೋಣ ಎಂದು ಅಲ್ಲಿನ ಸಂಸತ್ತು 2003ರಲ್ಲಿ ಮಸೂದೆ ಪಾಸು ಮಾಡಿದರೂ ಅದರ ಮೇಲಿನ ರಕ್ಷಕ ಮಂಡಳಿ ತಡೆಯಿತು. ಅಮೆರಿಕ ಸೇರಿಲ್ಲ, ಇಸ್ರೇಲ್ ಸೇರಿಲ್ಲ. ಕಾಝೆಮಿಗಾಗಿ ಅಷ್ಟೊಂದು ಹೋರಾಡಿದ ಕೆನಡಾ ಕೂಡ ಸೇರಿಲ್ಲ. ಭಾರತವೂ ಇಲ್ಲ, ಮೂಲ ಒಡಂಬಡಿಕೆಗೆ ಭಾರತ 1997ರಲ್ಲಿ ಸಹಿ ಹಾಕಿತೇ ಹೊರತು ಅದನ್ನು ಅನುಮೋದಿಸಲೇ ಇಲ್ಲ. ಯುರೇನಿಯಂ ವಿಷಯದಲ್ಲಿ ಒಬ್ಬರ ಮುಖ ಒಬ್ಬರು ನೋಡದ ದೇಶಗಳು ಜೈಲಿನ ಬಾಗಿಲು ತೆರೆಯುವ ಮಾತು ಬಂದಾಗ ಒಂದೇ ಸಾಲಿನಲ್ಲಿ ನಿಂತಿವೆ.

ಇಬ್ಬಗೆಯ ನೀತಿ ಇರುವುದು ನಿಜ

ನಮ್ಮ ಹೋಟೆಲ್, ಮಸೀದಿ ಕಟ್ಟೆಗಳಲ್ಲಿ ಇರಾನ್ ವಿಷಯ ಬಂದಾಗ ಮೊದಲು ಕೇಳುವ ಮಾತು ಇದು: ಇಸ್ರೇಲಿಗೆ ಒಂದು ನ್ಯಾಯ, ಇರಾನಿಗೆ ಇನ್ನೊಂದು ನ್ಯಾಯ ಯಾಕೆ? ಪ್ರಶ್ನೆ ಸರಿಯಾಗಿಯೇ ಇದೆ. ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ ಇರಾನ್ ಸೇರಿದೆ, ಇಸ್ರೇಲ್ ಸೇರಿಯೇ ಇಲ್ಲ. ಒಪ್ಪಂದದ ಒಳಗಿದ್ದವನಿಗೆ ತಪಾಸಣೆ, ಹೊರಗಿದ್ದವನಿಗೆ ವಿನಾಯಿತಿ. 2015ರ ಜುಲೈ 14ರಂದು ಇರಾನ್ ಆರು ದೇಶಗಳ ಜೊತೆ ಒಪ್ಪಂದ ಮಾಡಿಕೊಂಡಿತು, ಸಂವರ್ಧನೆಯನ್ನು ಶೇ. 3.67ಕ್ಕೆ ಇಳಿಸಿತು. ಇರಾನ್ ಮಾತು ಉಳಿಸಿಕೊಂಡಿದೆ ಎಂದು ಅಣುಶಕ್ತಿ ಸಂಸ್ಥೆಯೇ ಮತ್ತೆ ಮತ್ತೆ ವರದಿ ಕೊಟ್ಟಿತು. ಹಾಗಿದ್ದೂ 2018ರ ಮೇ 8ರಂದು ಟ್ರಂಪ್ ಅದರಿಂದ ಎದ್ದು ಹೋದರು. ಆಮೇಲೆ ಇರಾನ್ ಒಂದೊಂದೇ ಮಿತಿ ಮೀರುತ್ತಾ 2021ರಲ್ಲಿ ಶೇ. 60ಕ್ಕೆ ಹೋಯಿತು.

ನಮ್ಮ ದೇಶದ ಕಥೆಯೂ ಕೇಳಿ. ಭಾರತ ಆ ಒಪ್ಪಂದಕ್ಕೆ ಸಹಿ ಹಾಕಿಲ್ಲ. 1974ರಲ್ಲಿ ಪೋಖ್ರಾನ್‌ನಲ್ಲಿ ಮೊದಲ ಬಾಂಬು ಸಿಡಿಸಿದಾಗ ಅದಕ್ಕೆ ಬೇಕಾದ ಪ್ಲುಟೋನಿಯಂ ಸಿಕ್ಕಿದ್ದು ಕೆನಡಾ ಕೊಟ್ಟಿದ್ದ ಸೈರಸ್ ರಿಯಾಕ್ಟರಿನಿಂದ. ಸಿಟ್ಟಾದ ಕೆನಡಾ ಅಣು ಸಹಕಾರ ನಿಲ್ಲಿಸಿತು. ಕಾರವಾರದ ಹತ್ತಿರದ ಕೈಗಾ ಸ್ಥಾವರ ಭಾರಜಲದ ರಿಯಾಕ್ಟರುಗಳ ಅದೇ ವಂಶಕ್ಕೆ ಸೇರಿದ್ದು. ಅದು ಇವತ್ತಿಗೂ ಅಂತಾರಾಷ್ಟ್ರೀಯ ತಪಾಸಣೆಯ ಪಟ್ಟಿಯ ಹೊರಗೇ ಇದೆ. 2005ರ ಜುಲೈ 18ರಂದು ಮನಮೋಹನ್ ಸಿಂಗ್ ಮತ್ತು ಬುಷ್ ಅಣು ಸಹಕಾರದ ಹೇಳಿಕೆ ಕೊಟ್ಟರು. ಎರಡು ತಿಂಗಳು ಕಳೆದು ಸೆಪ್ಟೆಂಬರ್ 24ರಂದು ಅಣುಶಕ್ತಿ ಸಂಸ್ಥೆಯಲ್ಲಿ ಇರಾನ್ ವಿರುದ್ಧದ ನಿರ್ಣಯದ ಪರ ಭಾರತ ಮತ ಹಾಕಿತು. ಪಾಕಿಸ್ತಾನ ತಟಸ್ಥವಾಗಿತ್ತು. 2008ರಲ್ಲಿ ಭಾರತಕ್ಕೆ ವಿಶೇಷ ವಿನಾಯಿತಿ ಸಿಕ್ಕಿತು. ಮುನಿಸಿಕೊಂಡಿದ್ದ ಕೆನಡಾವೇ 2015ರಲ್ಲಿ ಯುರೇನಿಯಂ ಮಾರಲು ಒಪ್ಪಿತು. ಯಾರ ಮೇಲೆ ಎಷ್ಟು ಒತ್ತಡ ಎಂಬುದು ಲೆಕ್ಕಪತ್ರ ನೋಡಿ ನಿರ್ಧಾರವಾಗುವುದಿಲ್ಲ, ಸ್ನೇಹ ನೋಡಿ ನಿರ್ಧಾರವಾಗುತ್ತದೆ.

ಇಷ್ಟೂ ನಿಜ. ಹಾಗಂತ ಇಷ್ಟಕ್ಕೇ ಮಾತು ಮುಗಿಸಿದರೆ ಇವೀನ್ ಜೈಲಿನ ಕೋಣೆಗೆ ನಾವೇ ಹೊರಗಿನಿಂದ ಚಿಲಕ ಹಾಕಿದ ಹಾಗೆ. ಅಮೆರಿಕದ ಅನ್ಯಾಯ ಕಾಝೆಮಿಗೆ ಬಿದ್ದ ಏಟಿಗೆ ಉತ್ತರವಾಗುವುದಿಲ್ಲ. ಆಕೆ ಬಾಂಬಿನ ಗುಟ್ಟು ಹುಡುಕಲು ಹೋಗಿರಲಿಲ್ಲ. ಮಕ್ಕಳಿಗಾಗಿ ಕಾಯುತ್ತಿದ್ದ ತಾಯಂದಿರ ಫೋಟೋ ತೆಗೆಯಲು ಹೋಗಿದ್ದರು.

'ಈಗ ಹೇಳುವ ಸಮಯ ಅಲ್ಲ'

ನಮ್ಮಲ್ಲಿ ಕೆಲವರು ಹೇಳುವುದುಂಟು: ಒಂದು ಮುಸ್ಲಿಂ ದೇಶದ ಮೇಲೆ ಎಲ್ಲರೂ ಮುಗಿಬಿದ್ದಿರುವಾಗ ಅದರ ಜೈಲಿನ ಬಗ್ಗೆ ಮಾತಾಡಿದರೆ ಶತ್ರುಗಳ ಕೈಗೆ ಕೋಲು ಕೊಟ್ಟ ಹಾಗೆ ಆಗುತ್ತದೆ, ಈಗ ಸಮಯ ಅಲ್ಲ. ಇನ್ನು ಕೆಲವರು, ಅದು ಶಿಯಾಗಳ ದೇಶ, ಅವರದ್ದು ಅವರಿಗೆ ಎಂದು ಕೈತೊಳೆದುಕೊಳ್ಳುತ್ತಾರೆ. ಎರಡೂ ಮಾತಿನ ಕೊನೆಗೆ ಉಳಿಯುವುದು ಮೌನವೇ.

ಮೊದಲನೆಯ ಮಾತಿಗೆ ಉತ್ತರ ಇರಾನಿನವರೇ ಕೊಟ್ಟಿದ್ದಾರೆ. ಕಾಝೆಮಿ ಸತ್ತಾಗ ತನಿಖೆಗೆ ಆದೇಶ ಕೊಟ್ಟವರು ಅಂದಿನ ಅಧ್ಯಕ್ಷ ಖಾತಮಿ. ಟೆಹರಾನಿನ ಪ್ರಾಸಿಕ್ಯೂಟರ್ ಆಗಿದ್ದ ಸಈದ್ ಮೊರ್ತಝವಿ ಮತ್ತವರ ಕಚೇರಿಯ ಮೇಲೆ ಬೆರಳು ತೋರಿಸಿದ್ದು ಇರಾನಿನದೇ ಸಂಸತ್ತಿನ ಸಮಿತಿ. ಮೂವರು ಯುರೋಪಿಯನ್ ಸಚಿವರು ಬಂದು ಹೋದ ಅದೇ ಅಕ್ಟೋಬರ್ ತಿಂಗಳ ಕೊನೆಗೆ ಆ ವರದಿ ಸಂಸತ್ತಿನಲ್ಲಿ ಓದಲಾಯಿತು. ಆ ವರ್ಷ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಶಿರಿನ್ ಇಬಾದಿ, ಕಾಝೆಮಿಯ ವೃದ್ಧ ತಾಯಿಯ ಪರ ಟೆಹರಾನಿನ ಕೋರ್ಟಿನಲ್ಲೇ ನಿಂತು ವಾದಿಸಿದರು. ಇವರಲ್ಲಿ ಯಾರನ್ನೂ ವಿದೇಶಿ ಏಜೆಂಟ್ ಎಂದು ತಳ್ಳಿಹಾಕಲಾಗದು. ಅಣು ತಂತ್ರಜ್ಞಾನ ನಮ್ಮ ಹಕ್ಕು ಎನ್ನುವವರೂ ಜೈಲಿನ ಸಾವಿಗೆ ಉತ್ತರ ಕೇಳಿದ್ದರು. ಎರಡನ್ನೂ ಒಟ್ಟಿಗೆ ಹೇಳಲು ಅವರಿಗೆ ಕಷ್ಟವಾಗಲಿಲ್ಲ.

ಮೊನ್ನೆಯ ಯುದ್ಧ ಅವರ ದನಿಯನ್ನೇ ಮೊದಲು ಅಡಗಿಸಿತು. ಹನ್ನೆರಡು ದಿನಗಳಲ್ಲಿ 21,000 ಶಂಕಿತರನ್ನು ಹಿಡಿದಿದ್ದೇವೆ ಎಂದು ಇರಾನಿನ ಪೊಲೀಸ್ ವಕ್ತಾರರೇ ಆಮೇಲೆ ಹೇಳಿದರು. ಜುಲೈ 2ರಂದು ಅಣುಶಕ್ತಿ ಸಂಸ್ಥೆಯ ಜೊತೆಗಿನ ಸಹಕಾರವನ್ನು ಅಮಾನತು ಮಾಡುವ ಕಾನೂನು ಜಾರಿಗೆ ಬಂತು. ಸೆಪ್ಟೆಂಬರ್ ಕೊನೆಗೆ ವಿಶ್ವಸಂಸ್ಥೆಯ ಹಳೆಯ ನಿರ್ಬಂಧಗಳೂ ವಾಪಸ್ ಬಂದವು. ಬಾಂಬು ಹಾಕಿದವರಿಗೆ ಯುರೇನಿಯಂ ಬಾಗಿಲೂ ತೆರೆಯಲಿಲ್ಲ, ಜೈಲಿನ ಬಾಗಿಲೂ ತೆರೆಯಲಿಲ್ಲ. ಮೊದಲು ಒಳಗಿದ್ದ ಇನ್‌ಸ್ಪೆಕ್ಟರುಗಳೂ ಹೊರಗೆ ಹೋಗಬೇಕಾಯಿತು.

ಎರಡನೆಯ ಮಾತಿಗೆ ಉತ್ತರ ನಮ್ಮ ಮದ್ರಸದ ಪಾಠದಲ್ಲೇ ಉಂಟು. ಸಾಕ್ಷಿ ಹೇಳುವಾಗ ಸ್ವಂತದವರು, ಹೊರಗಿನವರು ಎಂದು ನೋಡಬಾರದು ಎಂದು ಸಣ್ಣ ಮಕ್ಕಳಿಗೂ ಕಲಿಸುತ್ತೇವೆ. ಶಿಯಾ ಆಗಲಿ, ಸುನ್ನಿ ಆಗಲಿ, ಇನ್ಯಾರೇ ಆಗಲಿ, ಬಂಧನದಲ್ಲಿ ಸತ್ತವರಿಗೆ ತಮ್ಮ ಸಾಕ್ಷಿ ತಾವು ಹೇಳಲಾಗುವುದಿಲ್ಲ. ಹೊರಗಿದ್ದವರು ಹೇಳಬೇಕು.

ನ್ಯಾಯ ಹೊರದೇಶದಲ್ಲಾದರೂ ಸಿಕ್ಕಿತೇ ಎಂದರೆ, ಅದೂ ಇಲ್ಲ. ಕಾಝೆಮಿಯ ಮಗ ಕೆನಡಾದಲ್ಲಿ ಇರಾನ್ ಸರಕಾರದ ಮೇಲೆ ದಾವೆ ಹೂಡಿದ. 2014ರ ಅಕ್ಟೋಬರ್ 10ರಂದು ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ಹೊರದೇಶದಲ್ಲಿ ನಡೆದ ಚಿತ್ರಹಿಂಸೆಗಾಗಿ ಇನ್ನೊಂದು ಸರಕಾರವನ್ನು ಇಲ್ಲಿ ಕೋರ್ಟಿಗೆ ಎಳೆಯಲು ನಮ್ಮ ಕಾನೂನಿನಲ್ಲಿ ಅವಕಾಶವಿಲ್ಲ. ಭಯೋತ್ಪಾದನೆಗೆ ಬಲಿಯಾದವರಿಗೆ ಕೆನಡಾ ಸಂಸತ್ತು ಆ ಅವಕಾಶ ಮಾಡಿಕೊಟ್ಟಿದೆ, ಚಿತ್ರಹಿಂಸೆಗೆ ಬಲಿಯಾದವರಿಗೆ ಕೊಟ್ಟಿಲ್ಲ.

ನಮ್ಮ ಮನೆಯ ಬಾಗಿಲು

ಇರಾನಿನ ಜೈಲು ನೋಡಿ ನಾವು ಎದೆ ತಟ್ಟಿಕೊಳ್ಳುವಂತಿಲ್ಲ. ತುರ್ತು ಪರಿಸ್ಥಿತಿಯ ಕಾಲದಲ್ಲಿ ನಮ್ಮ ಬೆಂಗಳೂರಿನ ಜೈಲಿನಲ್ಲೇ ನಟಿ ಸ್ನೇಹಲತಾ ರೆಡ್ಡಿ ಎಂಟು ತಿಂಗಳು ಇದ್ದರು. 'ಸಂಸ್ಕಾರ' ಸಿನಿಮಾದಲ್ಲಿ ಚಂದ್ರಿಯಾಗಿ ಅಭಿನಯಿಸಿದವರು. ಆಸ್ತಮಾ ರೋಗಿ. ಕಾಯಿಲೆ ಕೈಮೀರಿದ ಮೇಲೆ 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು, 20ರಂದು ಸತ್ತರು. ಜೈಲಿನೊಳಗೆ ಸಾಯಲಿಲ್ಲ, ಹಾಗಾಗಿ ಕಸ್ಟಡಿ ಸಾವಿನ ಲೆಕ್ಕಕ್ಕೂ ಬರಲಿಲ್ಲ. ಲೆಕ್ಕ ಬರೆಯುವವರ ಕೈಯಲ್ಲೇ ಬೀಗದ ಕೈ ಇದ್ದರೆ ಹೀಗಾಗುತ್ತದೆ.

ಆ ಕಾಲಕ್ಕೆ ಹೋಲಿಸಿದರೆ ಇವತ್ತು ನಮ್ಮ ಕೈಯಲ್ಲಿ ಕೆಲವು ಹಕ್ಕುಗಳಿವೆ. ಅವು ಮನೆಮನೆಗೆ ಗೊತ್ತಿರಬೇಕು. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು ಎಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ. 1996ರ ಡಿ.ಕೆ. ಬಸು ತೀರ್ಪಿನ ಪ್ರಕಾರ ಬಂಧನದ ಹೊತ್ತಿಗೇ ಮೆಮೊ ಬರೆಯಬೇಕು, ಮನೆಯವರೋ ಊರಿನ ಒಬ್ಬ ಮರ್ಯಾದಸ್ಥರೋ ಅದಕ್ಕೆ ಸಾಕ್ಷಿ ಹಾಕಬೇಕು. ಮನೆಗೆ ಸುದ್ದಿ ತಿಳಿಸಬೇಕು. 48 ಗಂಟೆಗೊಮ್ಮೆ ವೈದ್ಯರು ಪರೀಕ್ಷಿಸಬೇಕು. ಎಲ್ಲ ಠಾಣೆಗಳಲ್ಲೂ ಸಿಸಿ ಕ್ಯಾಮೆರಾ ಇರಬೇಕು, ಅದರ ದಾಖಲೆಯನ್ನು 18 ತಿಂಗಳು ಉಳಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 2ರಂದು ಆದೇಶ ಕೊಟ್ಟಿದೆ. ಕಸ್ಟಡಿಯಲ್ಲಿ ಯಾರಾದರೂ ಸತ್ತರೆ 24 ಗಂಟೆಯೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ವರದಿ ಹೋಗಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಬೇಕು. ಹಿಂದಿನ ಸಿಆರ್‌ಪಿಸಿ ಹೋದರೂ ಈ ವಿಚಾರಣೆಯ ನಿಯಮ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 196ನೇ ಸೆಕ್ಷನ್‌ನಲ್ಲಿ ಉಳಿದಿದೆ.

ಮೆಮೊ, ವೈದ್ಯರ ಚೀಟಿ, ಕ್ಯಾಮೆರಾ, ಮ್ಯಾಜಿಸ್ಟ್ರೇಟ್: ಅಣು ಘಟಕದ ಲೆಕ್ಕ, ಮೊಹರು, ಕ್ಯಾಮೆರಾ, ಇನ್‌ಸ್ಪೆಕ್ಟರಿಗೆ ಸಮನಾದವು ಇವು. ಒಂದೇ ವ್ಯತ್ಯಾಸ, ಅಲ್ಲಿ ಕೇಳಲು ವಿಯೆನ್ನಾದಲ್ಲಿ ಕಚೇರಿ ಉಂಟು. ಇಲ್ಲಿ ಕೇಳಬೇಕಾದವರು ಮನೆಯವರು. ಊರಿನ ಹುಡುಗನನ್ನು ಪೊಲೀಸರು ಕರೆದುಕೊಂಡು ಹೋದಾಗ ನಮ್ಮಲ್ಲಿ ಮೊದಲು ಯಾರದೋ ಪರಿಚಯ ಹುಡುಕುತ್ತೇವೆ, ಯಾರಿಗೋ ಫೋನ್ ಮಾಡಿಸುತ್ತೇವೆ. ಅದಕ್ಕಿಂತ ಮೊದಲು ಬಂಧನದ ಮೆಮೊ ಎಲ್ಲಿ ಎಂದು ಕೇಳಬೇಕು. ವೈದ್ಯಕೀಯ ಪರೀಕ್ಷೆ ಆಯಿತಾ ಎಂದು ಕೇಳಬೇಕು. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಇದನ್ನು ಗಲಾಟೆ ಮಾಡದೆ, ಹೆದರದೆ, ಲಿಖಿತವಾಗಿ ಕೇಳಬಹುದು. ಜಮಾಅತ್ ಕಮಿಟಿಗಳು ಈ ನಾಲ್ಕೈದು ವಿಷಯಗಳನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಮಸೀದಿಯ ಫಲಕಕ್ಕೆ ಅಂಟಿಸಿದರೆ ದೊಡ್ಡ ಖರ್ಚೇನೂ ಆಗುವುದಿಲ್ಲ.

ಇರಾನ್ ಮೇಲಿನ ಒತ್ತಡದ ಸುದ್ದಿ ಇನ್ನೂ ಬರುತ್ತಲೇ ಇರುತ್ತದೆ. ಗಡುವು, ನಿರ್ಬಂಧ, ಮಾತುಕತೆ, ಮತ್ತೆ ಗಡುವು. ಆ ಸುದ್ದಿ ಓದುವಾಗ ಯುರೇನಿಯಂ ಎಷ್ಟು ಕಿಲೋ ಎಂಬ ಲೆಕ್ಕದ ಜೊತೆಗೆ ಇನ್ನೊಂದು ಲೆಕ್ಕವನ್ನೂ ಕೇಳೋಣ: ಒಳಗೆ ಎಷ್ಟು ಮಂದಿ ಇದ್ದಾರೆ, ಅವರನ್ನು ಯಾರು ನೋಡಿ ಬಂದರು? ಟೆಹರಾನಿನ ಬಗ್ಗೆ ಕೇಳುವ ಈ ಪ್ರಶ್ನೆಯನ್ನು ನಮ್ಮ ಊರಿನ ಠಾಣೆಯ ಬಗ್ಗೆಯೂ ಕೇಳೋಣ. ಆಗಲೇ ನಮ್ಮ ಮಾತಿಗೆ ತೂಕ ಬರುವುದು.